ಎರಡು ಬೋರ್ಡು, ಒಂದು ಸ್ವಿಚ್ಚು

ನಂಜನಗೂಡಿನಲ್ಲಿ ನಾನು ಕೆಲಸಕ್ಕಿದ್ದ ಅಂಗಡಿಯಲ್ಲಿ ಯಾವ ಕಾಯಿಲೆಗೂ ಒಂದೇ ಔಷಧ: ಇನ್ನೊಂದು ಹಾಕು. ಲಾರಿ ಸ್ಟಾರ್ಟ್ ಆಗದಿದ್ದರೆ ಪಕ್ಕದಲ್ಲಿ ಇನ್ನೊಂದು ಬ್ಯಾಟರಿ. ಸೆಖೆಯಾದರೆ ಇನ್ನೊಂದು ಫ್ಯಾನು. ಯಾರಾದರೂ ಗಿರಾಕಿ ಮಾತು ಕೇಳದಿದ್ದರೆ ಯಜಮಾನರ ಹಿಂದೆಯೇ ಅವರ ಭಾವಮೈದುನನೂ ಹೋಗಿ ಅದೇ ಮಾತನ್ನು ಇನ್ನೊಂದು ಸಲ ಹೇಳಿ ಬರುತ್ತಿದ್ದ. ಯಜಮಾನರು ಓದಿದ ಪ್ರೈಮರಿ ಶಾಲೆಯ ಗೋಡೆಯ ಮೇಲೆ ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಬರೆದಿತ್ತಂತೆ. ಅದು ಕರೆಂಟಿಗೂ ಅನ್ವಯಿಸುವ ನಿಯಮ ಎಂದು ಅವರು ನಂಬಿದ್ದರು.

ಅಂಗಡಿ ಇದ್ದದ್ದು ಬಾಳೆಕಾಯಿ ಮಂಡಿಯೊಂದರ ಮಹಡಿಯ ಮೇಲೆ. ಫ್ಯಾಕ್ಟರಿಗಳ, ಪಂಪ್‌ಹೌಸುಗಳ ಕಂಟ್ರೋಲ್ ಪ್ಯಾನಲ್ ರಿಪೇರಿ ಮಾಡುವುದು ನಮ್ಮ ಕಸುಬು. ನಾನು ತಿ. ನರಸೀಪುರದ ಮನೆಯಿಂದ ಸುತ್ತೂರಿನ ಮೇಲೆ ಬರುವ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದೆ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ಅಲ್ಲಿ ನಾನೊಬ್ಬಳೇ. ಚಿಪ್ಪಿನ ಗುಣದೋಷ ಬರೆದಿರುವ ಡೇಟಾಶೀಟನ್ನು ಕೊನೆಯ ಪುಟದವರೆಗೆ ಓದುವವಳೂ ನಾನೊಬ್ಬಳೇ. ಇದರ ಜಂಬ ನನಗೆ ಸಾಕಷ್ಟಿತ್ತು. ಮೂಗಿನ ತುದಿಯಲ್ಲೇ ಕೋಪವೂ ಇತ್ತು. ತಿಳಿಯದವರಿಗೆ ತಿಳಿಸಿ ಹೇಳುವುದೆಂದರೆ ಕಲ್ಲಿಗೆ ನೀರು ಹೊಯ್ದಂತೆ ಎಂದು ತೀರ್ಮಾನಿಸಿಬಿಟ್ಟಿದ್ದೆ, ಅದೂ ಮೂವತ್ತು ತುಂಬುವ ಮೊದಲೇ.

ನಮ್ಮ ಊರಿನ ಈಚೆಗೆ, ಹೊಳೆ ಬದಿಯಲ್ಲಿ ನಾಲ್ಕೈದು ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಪಂಪ್‌ಹೌಸ್ ಒಂದಿತ್ತು. ಅಲ್ಲಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರದ ದಿಣ್ಣೆಯ ಮೇಲೆ ದೊಡ್ಡ ಟ್ಯಾಂಕು. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಅಳೆಯುವ ಮೀಟರು ದಿಣ್ಣೆಯ ಮೇಲೆ, ಅದನ್ನು ನೋಡಿ ತಾನೇ ಶುರುವಾಗಿ ತಾನೇ ನಿಲ್ಲುವ ಮೋಟರು ಹೊಳೆಯ ಬದಿಯಲ್ಲಿ. ಇವೆರಡರ ನಡುವೆ ನೆಲದೊಳಗೆ ಒಂದು ಜೋಡಿ ತಂತಿ. ಮೀಟರಿನ ಮಾತನ್ನು ತಂತಿಗೆ ತಳ್ಳುವ ಚಿಪ್ಪಿಗೆ ಲೈನ್ ಡ್ರೈವರ್ ಎನ್ನುತ್ತಾರೆ. ಅದರ ಉಪಾಯ ಚೆನ್ನಾಗಿದೆ. ಎರಡು ತಂತಿಯಲ್ಲಿ ಒಂದನ್ನು ಏರಿಸಿದಾಗ ಇನ್ನೊಂದನ್ನು ಇಳಿಸುತ್ತದೆ. ಆ ತುದಿಯಲ್ಲಿರುವ ಯಂತ್ರ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ದಾರಿಯಲ್ಲಿ ಎಷ್ಟೇ ಗದ್ದಲ ಬಿದ್ದರೂ ಎರಡರ ಮೇಲೂ ಸಮವಾಗಿ ಬೀಳುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಇದನ್ನು ಕಂಡುಹಿಡಿದವರ ಮೇಲೆ ನನಗೆ ಈಗಲೂ ಗೌರವವಿದೆ.

ದಿಣ್ಣೆಯ ಟ್ಯಾಂಕನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ನೀರುಗಂಟಿ. ಐವತ್ತು ದಾಟಿದ ಮನುಷ್ಯ. ವಾಲ್ವು ತಿರುಗಿಸಿ ಯಾವ ಬೀದಿಗೆ ಯಾವಾಗ ನೀರು ಎಂದು ನಡೆಸುವವನು. ಎಷ್ಟೋ ವರ್ಷದಿಂದ ದಿನಗೂಲಿ. ಅವನ ಕೆಲಸವನ್ನು ಕಾಯಂ ಮಾಡುವ ಕಾಗದ ಆ ವರ್ಷ ಕೊನೆಗೂ ತಾಲ್ಲೂಕಿನ ಆಫೀಸು ಮುಟ್ಟಿತ್ತು. ನಾನು ಹೋದಾಗಲೆಲ್ಲ ಅದನ್ನು ಹೇಳುತ್ತಿದ್ದ. “ಈ ಸಲ ಆಯ್ತದೆ ಕಣವ್ವ. ಸಾಯೇಬ್ರೇ ಯೋಳವ್ರೆ, ಒಂದೂ ಕಂಪ್ಲೇಂಟ್ ಬರ್ಕೂಡ್ದಂತೆ, ಅಷ್ಟೇಯ.” ನನ್ನ ಅಪ್ಪನ ವಯಸ್ಸಿನವನಾದರೂ ನಾನು ಏನು ಹೇಳಿದರೂ ಕೈಕಟ್ಟಿ ಕೇಳುತ್ತಿದ್ದ. ನಾನು ಅವನಿಗೆ ಹೇಳಿಕೊಟ್ಟದ್ದು ಒಂದೇ ಪಾಠ: ಗುಡುಗು ಕೇಳಿಸಿದ ತಕ್ಷಣ ಟ್ಯಾಂಕಿನ ಬಳಿಯ ಪ್ಯಾನಲ್ಲಿನ ಮೇನ್ ಸ್ವಿಚ್ ಎಳೆಯಬೇಕು, ಆಕಾಶ ಪೂರ್ತಿ ತಿಳಿಯಾಗುವವರೆಗೆ ಹಾಕಬಾರದು. ಹಿಂದಿನ ವರ್ಷ ಸಿಡಿಲಿಗೆ ಎರಡು ಮೀಟರು ಸುಟ್ಟಿದ್ದವು. “ಸ್ವಿಚ್ ಎಳುದ್ರೆ ಮೀಟ್ರು ನಿಂತೋಯ್ತದಲ್ಲವ್ವ?” ಎಂದು ಕೇಳಿದ್ದ. “ನಿಲ್ಲಲ್ಲ, ಒಳಗೆ ಬ್ಯಾಟರಿ ಇದೆ, ಅದು ನೋಡ್ಕೊಳುತ್ತೆ” ಎಂದಿದ್ದೆ. ಆಗ ಅದು ನಿಜವಾಗಿತ್ತು.

ಮೊದಲು ಡಿಸ್‌ಪ್ಲೇ ಇದ್ದದ್ದು ಒಂದೇ, ಮೋಟರಿನ ಪಕ್ಕದಲ್ಲಿ. ಕೆಂಪು ಅಂಕಿಯಲ್ಲಿ ಟ್ಯಾಂಕು ನೂರಕ್ಕೆ ಎಷ್ಟು ತುಂಬಿದೆ ಎಂದು ತೋರಿಸುವುದು. ಅದರ ಉದ್ಘಾಟನೆಗೆ ಬಂದ ಪಂಚಾಯ್ತಿ ಅಧ್ಯಕ್ಷರಿಗೆ ಅದು ಹಿಡಿಸಿಬಿಟ್ಟಿತು. ತಮ್ಮ ಆಫೀಸಿನ ಗೋಡೆಗೂ ಒಂದು ಬೇಕೆಂದರು. ಅಧ್ಯಕ್ಷರ ಗೋಡೆಗೆ ಬಂದ ಮೇಲೆ ನೀರು ಸರಬರಾಜಿನ ಇಂಜಿನಿಯರರ ಕೋಣೆಗೆ ಬರದಿದ್ದರೆ ಅವರ ಮರ್ಯಾದೆ ಏನಾಗಬೇಕು? ಅಲ್ಲಿಗೂ ಒಂದು ಬಂತು. ಮೂರೂ ಡಿಸ್‌ಪ್ಲೇಗಳನ್ನು ಅದೇ ಒಂದು ಜೋಡಿ ತಂತಿಗೆ ಸಿಕ್ಕಿಸಿದರು. ನೀರನ್ನು ನೋಡಲು ಮೂರು ಕಡೆ ಅನುಕೂಲವಾಯಿತು, ನೋಡುವವರು ಮಾತ್ರ ಮೊದಲಿನಷ್ಟೇ ಇದ್ದರು.

ಮೂರನೆಯದು ಬಂದ ವಾರದಲ್ಲೇ ಅಂಕಿಗಳು ತಡವರಿಸತೊಡಗಿದವು. ಎಪ್ಪತ್ತು ಎನ್ನುವುದು, ಕಣ್ಣುಮುಚ್ಚುವುದು, ಹನ್ನೊಂದು ಎನ್ನುವುದು. ಹೋಗಿ ತಂತಿಯ ವೋಲ್ಟೇಜ್ ಅಳೆದು ನೋಡಿದೆ. ಡ್ರೈವರ್ ಚಿಪ್ಪು ಏದುಸಿರು ಬಿಡುತ್ತಿತ್ತು. ಮೂರು ಡಿಸ್‌ಪ್ಲೇಗಳ ಭಾರ ಅದಕ್ಕೆ ಹೆಚ್ಚಾಗಿತ್ತು. ಭಾರ ಅಷ್ಟೇಕೆ ಎಂದು ಡಿಸ್‌ಪ್ಲೇಗಳನ್ನು ಬಿಚ್ಚಿ ನೋಡುವುದು ನ್ಯಾಯವಾದ ದಾರಿ. ಆದರೆ ಒಂದಕ್ಕೆ ಅಧ್ಯಕ್ಷರ ಅಪ್ಪಣೆ ಬೇಕು, ಇನ್ನೊಂದಕ್ಕೆ ಇಂಜಿನಿಯರರ ಕೋಣೆಯ ಬೀಗದ ಕೈ ಬೇಕು. ಯಾರನ್ನೂ ಕೇಳುವುದು ನನ್ನ ಜಾಯಮಾನವಲ್ಲ. ನಂಜನಗೂಡಿಗೆ ವಾಪಸು ಬಂದು ಯಜಮಾನರಿಗೆ ಹೇಳಿದೆ.

“ಒಂದು ಚಿಪ್ಪಿಗೆ ಆಗಲ್ಲ ಅಂದ್ರೆ ಇನ್ನೊಂದು ಹಾಕಮ್ಮ” ಎಂದರು ಅವರು, ಟೀ ಲೋಟ ಕೆಳಗಿಡದೆ.

ನಗಬೇಕೆಂದುಕೊಂಡೆ. ಆದರೆ ಡೇಟಾಶೀಟು ತೆಗೆದು ನೋಡಿದರೆ ಯಜಮಾನರ ಶಾಲೆಯ ಗೋಡೆ ಪೂರಾ ಸುಳ್ಳು ಹೇಳಿರಲಿಲ್ಲ. ಒಂದೇ ಚಿಪ್ಪಿನೊಳಗೆ ಅಂಥ ಡ್ರೈವರುಗಳು ನಾಲ್ಕಿರುತ್ತವೆ. ಅವು ಒಂದೇ ತಾಯಿಯ ಮಕ್ಕಳು. ಒಂದೇ ಕ್ಷಣಕ್ಕೆ ಏರುತ್ತವೆ, ಒಂದೇ ಕ್ಷಣಕ್ಕೆ ಇಳಿಯುತ್ತವೆ, ಒಂದೇ ಕರೆಂಟು ಕುಡಿಯುತ್ತವೆ. ಅವುಗಳಲ್ಲಿ ಎರಡನ್ನು ಅಕ್ಕಪಕ್ಕ ಕಟ್ಟಿದರೆ ಬಲ ಹೆಚ್ಚುತ್ತದೆ. ಬೇರೆಬೇರೆ ಚಿಪ್ಪುಗಳನ್ನು ಕಟ್ಟಿದರೆ ಒಂದು ಏರುವಷ್ಟರಲ್ಲಿ ಇನ್ನೊಂದು ಇನ್ನೂ ಇಳಿಯುತ್ತಿರಬಹುದು, ಆಗ ಎರಡೂ ಕಚ್ಚಾಡುತ್ತವೆ. ಮಂಡಿಯ ಮೇಲಿನ ಆ ಮಹಡಿಯಲ್ಲಿ ಒಂದೇ ಚಿಪ್ಪಿನ ಎರಡು ಡ್ರೈವರುಗಳನ್ನು ಜೋಡಿಸಿ, ತಂತಿಯ ಸುರುಳಿ ಹಾಕಿ ನೋಡಿದೆ. ಅಂಕಿಗಳು ಗಟ್ಟಿಯಾಗಿ ನಿಂತವು. ಎರಡು ಬೆಸುಗೆ ಸಾಕಾಗಿತ್ತು.

ಯಜಮಾನರು ಆ ಚಿಪ್ಪು ಕೂರಿಸಿದ್ದ ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. “ಎಲ್ಲಿದೆ ಇನ್ನೊಂದು?”

“ಇದರೊಳಗೇ ಇದೆ ಸರ್. ಇದೋ, ಈ ಕಾಲಿಗೂ ಈ ಕಾಲಿಗೂ ಬೆಸುಗೆ ಹಾಕಿದೀನಿ.”

“ಕಾಣ್ಸೋದೇ ಇಲ್ವಲ್ಲಮ್ಮ. ಇಂಜಿನಿಯರ್ ಬಂದು ಏನ್ ಮಾಡಿದ್ರಿ ಅಂದ್ರೆ ಕಾಲು ತೋರಿಸಕ್ಕಾಗುತ್ತಾ? ಮಾಡಿದ್ ಕೆಲಸ ಕಣ್ಣಿಗೆ ಕಾಣ್ಬೇಕು. ಇನ್ನೊಂದು ಬೋರ್ಡೇ ಹಾಕು.”

ನಮ್ಮ ಕಡೆ ಇದೊಂದು ಪದ್ಧತಿ. ಡಾಕ್ಟರು ಸೂಜಿ ಚುಚ್ಚದಿದ್ದರೆ ಜ್ವರ ನೋಡಿದಂತಲ್ಲ, ಮೆಕ್ಯಾನಿಕ್ಕು ಗಾಡಿ ಬಿಚ್ಚದಿದ್ದರೆ ರಿಪೇರಿ ಮಾಡಿದಂತಲ್ಲ. ನಾನು ಒಂದು ಗಂಟೆ ವಾದ ಮಾಡಿದೆ ಎಂದು ಬರೆಯಲು ಆಸೆ. ಐದು ನಿಮಿಷ ಮಾಡಿರಬೇಕು. ಆಮೇಲೆ ಇನ್ನೊಂದು ಬೋರ್ಡು ತಯಾರಿಸಿದೆ. ಎರಡೂ ಚಿಪ್ಪು ಒಂದೇ ಕಂಪನಿಯದು ಇರುವ ಹಾಗೆ ಆರಿಸಿ, ಕಚ್ಚಾಡದಂತೆ ನಡುವೆ ಕರೆಂಟನ್ನು ತಡೆಯುವ ಸಣ್ಣ ರೆಸಿಸ್ಟರ್ ಹಾಕಿ, ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಒಂದು ತೊಡಕಿತ್ತು. ದಿಣ್ಣೆಯ ಪ್ಯಾನಲ್ಲಿನ ಬ್ಯಾಟರಿಗೆ ಎರಡು ಬೋರ್ಡು ಹೊರುವ ಶಕ್ತಿ ಇರಲಿಲ್ಲ. ಹಾಗಾಗಿ ಹಳೆಯ ಬೋರ್ಡನ್ನು ಬ್ಯಾಟರಿಯ ಮೇಲೇ ಬಿಟ್ಟು, ಹೊಸದನ್ನು ಅಡಾಪ್ಟರ್ ಮೂಲಕ ನೇರ ಮೇನ್ ಕರೆಂಟಿಗೆ ಕೊಟ್ಟೆ.

ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ಒಂದು ಬೋರ್ಡು ಬ್ಯಾಟರಿಯದು, ಇನ್ನೊಂದು ಮೇನ್ ಸ್ವಿಚ್ಚಿನದು. ಸ್ವಿಚ್ ಎಳೆದರೆ ಒಂದು ಎಚ್ಚರ, ಇನ್ನೊಂದು ಸತ್ತ ಹಾಗೆ. ಕರೆಂಟಿಲ್ಲದ ಆ ಚಿಪ್ಪು ಸುಮ್ಮನೆ ಬದಿಗೆ ಸರಿದು ನಿಲ್ಲುವ ಜಾತಿಯದಲ್ಲ. ತಂತಿಯನ್ನು ಹಿಡಿದುಕೊಂಡೇ ಮಲಗುತ್ತದೆ. ಇದು ಡೇಟಾಶೀಟಿನಲ್ಲಿತ್ತು. ನಾನು ಓದಿಯೂ ಇದ್ದೆ. ಓದಿದ್ದನ್ನೂ, ಗುಡುಗಿದರೆ ಸ್ವಿಚ್ ಎಳಿ ಎಂದು ಹೇಳಿಕೊಟ್ಟಿದ್ದನ್ನೂ ನನ್ನ ತಲೆ ಒಟ್ಟಿಗೆ ಇಟ್ಟು ನೋಡಲಿಲ್ಲ.

ಎರಡು ಬೋರ್ಡು, ಎರಡು ಹಸಿರು ದೀಪ. ಇಂಜಿನಿಯರು ಬಂದು ನೋಡಿ ತಲೆದೂಗಿದರು. ಮೂರು ಕಡೆಯೂ ಅಂಕಿಗಳು ಹಲ್ಲು ಕಚ್ಚಿ ನಿಂತವು. ಅಧ್ಯಕ್ಷರು ಎಲ್ಲರಿಗೂ ಎಳನೀರು ಕೊಡಿಸಿದರು. ನೀರುಗಂಟಿ ಎರಡು ಬೋರ್ಡಿಗೂ ಒಂದೊಂದು ಚೆಂಡುಹೂವು ಸಿಕ್ಕಿಸಿ, “ಜೋಡಿ ಚೆನ್ನಾಗದೆ ಕಣವ್ವ” ಎಂದ. ಊರೆಲ್ಲ ಕರೆಂಟು ಹೋದಾಗ ಡಿಸ್‌ಪ್ಲೇಗಳೂ ಆರಿ, ಬಂದಾಗ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದುದರಿಂದ ಎರಡು ತಿಂಗಳು ನನ್ನ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ಗುಡುಗಿತು. ನೀರುಗಂಟಿ ಸೈಕಲ್ ತುಳಿದುಕೊಂಡು ದಿಣ್ಣೆ ಹತ್ತಿ, ಹೇಳಿಕೊಟ್ಟ ಹಾಗೆ ಸ್ವಿಚ್ ಎಳೆದ. ಮಳೆ ನಾಲ್ಕು ಹನಿ ಬಿತ್ತು. ಆವತ್ತು ಮಾತ್ರ ಊರಿನಲ್ಲಿ ಕರೆಂಟು ಹೋಗಲೇ ಇಲ್ಲ, ವರ್ಷಕ್ಕೊಂದು ಸಲ ನಡೆಯುವ ಪವಾಡ. ತಂತಿಯ ಮೇಲೆ ಸತ್ತ ಬೋರ್ಡು ಎಚ್ಚರಿದ್ದ ಬೋರ್ಡಿನ ಕತ್ತು ಹಿಡಿದಿತ್ತು. ಡಿಸ್‌ಪ್ಲೇಗಳಿಗೆ ಹೊಸ ಮಾತು ಕೇಳಿಸದೆ, ಕೊನೆಗೆ ಕೇಳಿದ ತೊಂಬತ್ತೆರಡನ್ನೇ ತೋರಿಸುತ್ತ ಕುಳಿತವು. ತೊಂಬತ್ತೆರಡು ಇದೆಯಲ್ಲ ಎಂದು ಮೋಟರೂ ಏಳಲಿಲ್ಲ. ಮಾರನೆಯ ಬೆಳಿಗ್ಗೆಯೂ ಮೋಡ ಗುರುಗುಟ್ಟುತ್ತಲೇ ಇದ್ದುದರಿಂದ ನೀರುಗಂಟಿ ಸ್ವಿಚ್ ಹಾಕಲಿಲ್ಲ. ವಾಲ್ವು ತಿರುಗಿಸಿ ಬೀದಿಗಳಿಗೆ ನೀರು ಬಿಟ್ಟ, ಟ್ಯಾಂಕು ತಳ ಕಂಡಿತು. ಅಧ್ಯಕ್ಷರ ಗೋಡೆಯ ಮೇಲೆ ತೊಂಬತ್ತೆರಡೇ ಹೊಳೆಯುತ್ತಿತ್ತು.

ಆ ದಿನ ಅಧ್ಯಕ್ಷರ ತಂಗಿಯ ಮನೆಯಲ್ಲಿ ಬೀಗರೂಟ. ಕುರಿ ಕೊಯ್ದಾಗಿತ್ತು, ಮಾಂಸ ತೊಳೆಯಲು ನೀರಿಲ್ಲ. ಬೀಗರು ಬಂದು ಕೂತಾಗಿತ್ತು, ಕೈ ತೊಳೆಯಲು ನೀರಿಲ್ಲ. ಎಲ್ಲಿಂದಲೋ ಟ್ಯಾಂಕರ್ ತರಿಸಿ ಊಟ ಬಡಿಸುವ ಹೊತ್ತಿಗೆ ಮಧ್ಯಾಹ್ನ ನಾಲ್ಕು ದಾಟಿತ್ತಂತೆ. ಬೀಗರ ಕಡೆಯವರು ಏನೇನು ಅಂದರೆಂಬುದು ನನ್ನ ಕಿವಿಗೆ ಮೂರು ಪಾಠಾಂತರಗಳಲ್ಲಿ ಬಿದ್ದಿತು.

ನಾನು ಮಾರನೆಯ ದಿನ ಹೋದೆ. ದಿಣ್ಣೆಯ ಮೇಲೆ ಸ್ವಿಚ್ ಎಳೆದು ನೋಡಿದೆ, ಹಾಕಿ ನೋಡಿದೆ. ಎರಡೇ ಸಲ ಸಾಕಾಯಿತು. ಕತ್ತು ಹಿಡಿದದ್ದು ನನ್ನ ಬೋರ್ಡೇ. ಈ ಸಲ ಅಪ್ಪಣೆ ಕೇಳಿ, ಬೀಗದ ಕೈ ತರಿಸಿ ಮೂರೂ ಡಿಸ್‌ಪ್ಲೇ ಬಿಚ್ಚಿದೆ. ತಂತಿಯ ಕೊನೆಯಲ್ಲಿರುವ ಡಿಸ್‌ಪ್ಲೇಯಲ್ಲಿ ಮಾತ್ರ ಇರಬೇಕಾದ ಒಂದು ರೆಸಿಸ್ಟರ್ ಮೂರರಲ್ಲೂ ಇತ್ತು. ಪ್ರತಿಯೊಂದೂ ತಾನೇ ಕೊನೆಯವನು ಎಂದುಕೊಂಡು ಡ್ರೈವರಿನ ಬಲ ಹೀರುತ್ತಿತ್ತು. ಎರಡನ್ನು ಕತ್ತರಿಸಿ ತೆಗೆದೆ. ಹಳೆಯ ಒಂದೇ ಬೋರ್ಡು ಮೂರೂ ಡಿಸ್‌ಪ್ಲೇಯನ್ನು ಸರಾಗವಾಗಿ ನಡೆಸಿತು. ನನ್ನ ಎರಡನೆಯ ಬೋರ್ಡು ಯಾವತ್ತೂ ಬೇಕಾಗಿಯೇ ಇರಲಿಲ್ಲ. ಅದನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಅದು ಹೋದದ್ದನ್ನು ಯಾರೂ ಗಮನಿಸಲಿಲ್ಲ.

ಮೂರನೆಯ ದಿನ ಪಂಚಾಯ್ತಿ ಆಫೀಸಿನಲ್ಲಿ ವಿಚಾರಣೆ. ಹೊರಡುವಾಗ ಯಜಮಾನರು ಹೇಳಿದರು: “ಸುಳ್ಳು ಹೇಳ್ಬೇಡಮ್ಮ. ಕೇಳಿದ್ದಕ್ಕಷ್ಟೇ ಉತ್ತರ ಕೊಡು.” ಅವರ ಬಾಯಿಂದ ಇಷ್ಟು ಪ್ರಾಮಾಣಿಕವಾದ ಉಪದೇಶ ನಾನು ಹಿಂದೆ ಕೇಳಿರಲಿಲ್ಲ.

ಅಧ್ಯಕ್ಷರು, ಇಂಜಿನಿಯರು, ಇಬ್ಬರು ಸದಸ್ಯರು ಕುರ್ಚಿಯಲ್ಲಿ. ನನಗೂ ಒಂದು ಕುರ್ಚಿ ಸಿಕ್ಕಿತು. ನೀರುಗಂಟಿ ಬಾಗಿಲ ಬಳಿ ನಿಂತಿದ್ದ. ತೊಳೆದು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

“ಸ್ವಿಚ್ ಎಳೆದದ್ದು ನೀನೇನಾ?” ಇಂಜಿನಿಯರು ಕೇಳಿದರು.

“ಊಂ ಸಾ. ಗುಡುಗ್ತಿತ್ತು.”

“ಯಾರು ಹೇಳಿದ್ರು ಎಳೆಯೋಕೆ?”

ಅವನು ಒಮ್ಮೆ ನನ್ನ ಕಡೆ ನೋಡಿದ. ದೂರುವ ನೋಟವಲ್ಲ ಅದು. ಹೇಳಲೋ ಬೇಡವೋ ಎಂದು ಕೇಳುವ ನೋಟ. ನಾನು ನನ್ನ ಬ್ಯಾಗಿನ ಜಿಪ್ಪನ್ನು ಸರಿಮಾಡಿಕೊಂಡೆ.

“ನಂಗೇ ಅನ್ನುಸ್ತು ಸಾ. ಎಳ್ದೆ” ಎಂದ.

ಇಂಜಿನಿಯರು ನನ್ನತ್ತ ತಿರುಗಿದರು. “ಮೇಡಂ, ನೀವು ಹೇಳಿ. ಸ್ವಿಚ್ ಹಾಕೇ ಇದ್ದಿದ್ರೆ ಡಿಸ್‌ಪ್ಲೇ ಸರಿಯಾಗಿ ತೋರಿಸ್ತಿತ್ತಾ?”

“ತೋರಿಸ್ತಿತ್ತು ಸರ್.”

ಇಡೀ ವಿಚಾರಣೆಯಲ್ಲಿ ನಾನು ಆಡಿದ ಮಾತು ಇಷ್ಟೇ. ಒಂದಕ್ಷರ ಸುಳ್ಳಿಲ್ಲ. ಉಳಿದದ್ದನ್ನು ಯಾಕೆ ಹೇಳಲಿಲ್ಲ ಎಂದು ಬಸ್ಸಿನಲ್ಲಿ ನನ್ನನ್ನೇ ಕೇಳಿಕೊಂಡೆ, ಉತ್ತರವೂ ರೆಡಿ ಇತ್ತು. ಎರಡು ತಂತಿಯ ವ್ಯತ್ಯಾಸ, ಚಿಪ್ಪಿನ ಸ್ವಭಾವ, ಕೊನೆಯ ರೆಸಿಸ್ಟರ್, ಇದೆಲ್ಲ ಆ ಜನಕ್ಕೆ ಅರ್ಥವಾಗುವ ವಿಷಯವೇ? ಮೂರು ವರ್ಷ ಓದಿದ ನನಗೇ ಎಡವಟ್ಟಾಗಿರುವಾಗ ಬೀಗರೂಟದ ಸಿಟ್ಟಿನಲ್ಲಿರುವವರ ತಲೆಗೆ ತುಂಬುವುದು ಹೇಗೆ? ಹೇಳಿದ್ದರೂ ಪ್ರಯೋಜನವಿರಲಿಲ್ಲ. ಈ ಸಮಾಧಾನ ಊರು ಬರುವವರೆಗೆ ಚೆನ್ನಾಗಿ ನಡೆಯಿತು.

ವಾರದೊಳಗೆ ನೀರುಗಂಟಿಯನ್ನು ಕೆಲಸದಿಂದ ಬಿಡಿಸಿದರು. ದಿನಗೂಲಿಯವನನ್ನು ತೆಗೆಯಲು ದೊಡ್ಡ ಆದೇಶವೇನೂ ಬೇಕಿಲ್ಲ, ನಾಳೆಯಿಂದ ಬರಬೇಡ ಎಂದರೆ ಆಯಿತು. ಕಾಯಂ ಮಾಡುವವರ ತಾಲ್ಲೂಕಿನ ಪಟ್ಟಿಯಿಂದಲೂ ಅವನ ಹೆಸರು ಬಿಟ್ಟುಹೋಯಿತು.

ಹದಿನೈದು ದಿನ ತಡೆದೆ. ಆಮೇಲೆ ಒಂದು ಭಾನುವಾರ ಅವನ ಮನೆ ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಕಡ್ಡಿಪೊರಕೆ ಕಟ್ಟುತ್ತಿದ್ದ. ನನ್ನನ್ನು ಕಂಡು ಗಾಬರಿಯಿಂದ ಎದ್ದು ಚಾಪೆ ಹಾಸಿದ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ಅದೇ ಬಿಳಿ ಶರ್ಟು. ಅವನ ಹೆಂಡತಿ ಕಾಫಿ ತಂದುಕೊಟ್ಟು ಬಾಗಿಲ ಬಳಿ ನಿಂತಳು.

“ನಿಮ್ ಮಿಸಿನ್ನು ಕೆಡುಸ್ಬುಟ್ಟೆ ಕಣವ್ವ ನಾನು” ಎಂದ ಅವನೇ ಮೊದಲು. “ತಪ್ಪಾಯ್ತು.”

ಕಾಫಿ ಲೋಟ ಕೆಳಗಿಟ್ಟೆ. “ನೀವು ಕೆಡಿಸಲಿಲ್ಲ ಅಣ್ಣ” ಎಂದು ಶುರುಮಾಡಿದೆ. ಡ್ರೈವರು, ವ್ಯತ್ಯಾಸ ಎಂದೆಲ್ಲ ಹೋಗಲು ನಾಲಿಗೆ ಏಳಲಿಲ್ಲ. “ಎರಡು ಎತ್ತು ಕಟ್ಟಿದ ಗಾಡಿ ಅಂದುಕೊಳ್ಳಿ. ಒಂದಕ್ಕೆ ಮೇವು ಬ್ಯಾಟರಿಯಿಂದ, ಇನ್ನೊಂದಕ್ಕೆ ಸ್ವಿಚ್ಚಿಂದ. ನೀವು ಸ್ವಿಚ್ ಎಳೆದ್ರಿ. ಒಂದು ಎತ್ತು ನೊಗದಲ್ಲೇ ಬಿದ್ದೋಯ್ತು. ಇನ್ನೊಂದು...”

“ಇನ್ನೊಂದ್ ಎಳಿಯಾದಿರ್ಲಿ” ಎಂದ ಅವನು ತಕ್ಷಣ, “ಬಿದ್ದಿರಾ ಎತ್ತುನ್ನೂ ಅದೇ ಒರ್ಬೇಕಲ್ಲವ್ವ. ಕತ್ ಕುಯ್ದೋಯ್ತದೆ. ಗಾಡಿ ಎಲ್ ಓಯ್ತದೆ?”

“ಅಷ್ಟೇ ಅಣ್ಣ. ಹಂಗೆ ಕಟ್ಟಿದ್ದು ನಾನು. ಸ್ವಿಚ್ ಎಳೀರಿ ಅಂತ ನಿಮಗೆ ಹೇಳಿದ್ದೂ ನಾನು.”

ಅವನು ಕೈಯಲ್ಲಿದ್ದ ಕಡ್ಡಿಗಳನ್ನು ಸಮ ಮಾಡಿದ. “ಅಂಗಾರೆ ನಂದು ತಪ್ಪಿಲ್ಲ?”

“ಇಲ್ಲ.”

“ಕೇಳ್ದಾ ಅಮ್ಮಿ?” ಎಂದ ಹೆಂಡತಿಯ ಕಡೆ ತಿರುಗಿ. “ನಂದು ತಪ್ಪಿಲ್ವಂತೆ.” ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದು ಆರುವ ಮೊದಲೇ ಹೆಂಡತಿ ಬಾಗಿಲಿಂದ ಕೇಳಿದಳು. ಜಗಳದ ದನಿಯಲ್ಲ, ತಿಳಿಯದ್ದನ್ನು ತಿಳಿದುಕೊಳ್ಳುವ ದನಿ.

“ಇಷ್ಟ್ ಸಲೀಸಾಗಿ ಯೋಳುದ್ರಲ್ಲವ್ವ. ಅವತ್ತು ಅಲ್ಲೇ ಯೋಳಿದ್ರೆ ಆಗ್ತಿರ್ನಿಲ್ವಾ?”

“ಸುಮ್ಕಿರಮ್ಮಿ” ಎಂದ ಅವನು. “ಅಷ್ಟ್ ದೊಡ್ಡೋರ ಮುಂದೆ ಎಂಗ್ ಯೋಳಾರು?” ಅವನು ನನ್ನ ಪರವಾಗಿ ಎರಡನೆಯ ಸಲ ಮಾತಾಡಿದ್ದ.

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ, ನಡೆದದ್ದನ್ನೆಲ್ಲ ಎರಡು ಪುಟ ಬರೆದು ಸಹಿ ಮಾಡಿ ಇಂಜಿನಿಯರರ ಕೈಗೆ ಕೊಟ್ಟೆ. ಅವರು ಕುಳಿತುಕೊಳ್ಳದೆ, ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಏನಾದರೂ ಕೇಳಿದರೆ ಬಿಡಿಸಿ ಹೇಳೋಣವೆಂದು ಪೆನ್ನು, ಹಾಳೆ ಹಿಡಿದುಕೊಂಡು ನಿಂತಿದ್ದೆ.

“ಅಂದ್ರೆ, ಕರೆಂಟಿಲ್ಲದ ಬೋರ್ಡೇ ಲೈನನ್ನ ಹಿಡ್ಕೊಂಡಿತ್ತು. ಅವನು ನೀವು ಹೇಳಿದ ಹಾಗೆ ಮಾಡಿದಾನೆ, ಅಷ್ಟೇ ಅಲ್ವಾ?” ಎಂದರು.

“ಹೌದು ಸರ್.”

“ಅವತ್ತೇ ಒಂದು ಮಾತು ಹೇಳಿದ್ದಿದ್ರೆ ಅವನನ್ನ ತೆಗೀತಿರಲಿಲ್ಲ ಮೇಡಂ. ಅಧ್ಯಕ್ಷರಿಗೆ ನಾನೇ ಹೇಳಿ ಒಪ್ಪಿಸ್ತಿದ್ದೆ.” ಹಾಳೆಗಳನ್ನು ಮಡಿಸಿ ಮೇಜಿನ ಮೇಲಿಟ್ಟರು. “ಈಗ ಹೊಸಬ ಬಂದು ಸೇರ್ಕೊಂಡಾಯ್ತಲ್ಲ.”

ಎರಡು ಪುಟವನ್ನು ಓದಿ ಅರ್ಥ ಮಾಡಿಕೊಳ್ಳಲು ಅವರಿಗೆ ಎರಡು ನಿಮಿಷವೂ ಹಿಡಿದಿರಲಿಲ್ಲ.